ಸರ್ವರ್ ಆರಾಮಾಗಿದೆ, ಪುಟ ಮಾತ್ರ ತೆರೆಯುತ್ತಿಲ್ಲ: ಆಗಾಗ ಹ್ಯಾಂಗ್ ಆಗುವ ವೆಬ್ ಆ್ಯಪ್‌ನ ದೋಷ ಹುಡುಕುವ ಬಗೆ

ಲಕ್ಷಣ ಹೀಗಿರುತ್ತದೆ. ಆ್ಯಪ್ ಗಂಟೆಗಟ್ಟಲೆ ಚೆನ್ನಾಗಿಯೇ ಓಡುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ಪುಟಗಳು ತೆರೆಯುವುದು ನಿಂತುಹೋಗುತ್ತದೆ. ಬ್ರೌಸರ್‌ನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ, ನಿಮಿಷ ಕಳೆದ ಮೇಲೆ 504 ಎರರ್ (ಕಾದರೂ ಉತ್ತರ ಬರಲಿಲ್ಲ ಎಂಬ ಸೂಚನೆ) ಬರುತ್ತದೆ. ಗಾಬರಿಯಿಂದ ಸರ್ವರ್ ನೋಡಿದರೆ ಸಿಪಿಯು ಖಾಲಿ, ಮೆಮೊರಿ ಬೇಕಾದಷ್ಟಿದೆ, ಡಿಸ್ಕ್‌ಗೂ ಏನೂ ಆಗಿಲ್ಲ. ಎರರ್ ಲಾಗ್‌ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಯಾರೋ ರೀಸ್ಟಾರ್ಟ್ ಮಾಡುತ್ತಾರೆ, ಎಲ್ಲ ಸರಿಹೋಗುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಅದೇ ಕತೆ.

ಇಂಥ ಕಡೆ ಎಲ್ಲರೂ ಮೊದಲು ಮಾಡುವುದು ಸರ್ವರ್ ದೊಡ್ಡದು ಮಾಡುವುದು. ಅದರಿಂದ ಏನೂ ಆಗುವುದಿಲ್ಲ. ಸಿಪಿಯು ಖಾಲಿ ಇದೆ ಎಂದರೆ ಆ್ಯಪ್ ನಿಧಾನವಾಗಿ ಕೆಲಸ ಮಾಡುತ್ತಿಲ್ಲ, ಕೆಲಸವನ್ನೇ ಮಾಡುತ್ತಿಲ್ಲ. ಅದು ಯಾವುದಕ್ಕೋ ಕಾಯುತ್ತಾ ಕೂತಿದೆ. ಯಾವುದಕ್ಕೆ ಅಂತ ಕಂಡುಹಿಡಿದರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ, ಆ ಕಾಯುವಿಕೆಗೆ ಒಂದು ಮಿತಿ ಹಾಕುವುದು. ಮಿತಿ ಇಲ್ಲದೆ ಕಾಯುವ ಜಾಗ ಒಂದೇ ಒಂದು ಇದ್ದರೂ ಇಡೀ ಆ್ಯಪ್ ಒಂದು ದಿನ ಅಲ್ಲೇ ಹೋಗಿ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಸಿಪಿಯು 12% ಅಂತ ಕಂಡರೆ ಖಾಲಿ ಎಂದು ನಂಬಿಬಿಡಬೇಡಿ. 8 ಕೋರ್ ಇರುವ ಯಂತ್ರದಲ್ಲಿ ಒಂದು ಕೋರ್ ಪೂರ್ತಿ ತುಂಬಿದರೂ ಒಟ್ಟು ಲೆಕ್ಕದಲ್ಲಿ ಅದು 12.5% ಅಷ್ಟೇ. ನೋಡ್ ಜೆಎಸ್‌ನಂಥ ಒಂದೇ ಥ್ರೆಡ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಕಡೆ ಒಂದು ಕೆಟ್ಟ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಅಥವಾ ಭಾರಿ ಜೇಸನ್ ಪಾರ್ಸಿಂಗ್, ಎಲ್ಲ ಕೆಲಸಗಳನ್ನೂ ಸರದಿಯಲ್ಲಿ ನಡೆಸುವ ಇವೆಂಟ್ ಲೂಪ್ ಅನ್ನೇ ಹಿಡಿದಿಟ್ಟಿರಬಹುದು. ಹಾಗಾಗಿ ಕೋರ್‌ವಾರು ನೋಡಿ. ಒಂದು ಕೋರ್ 100% ಇದ್ದರೆ ನಿಮ್ಮ ಸಮಸ್ಯೆ ಬೇರೆ, ಯಾವ ಕೋಡ್ ಸಮಯ ತಿನ್ನುತ್ತಿದೆ ಎಂದು ತೋರಿಸುವ ಪ್ರೊಫೈಲರ್ ಹಿಡಿದುಕೊಂಡು ಕೂರಬೇಕು. ಎಲ್ಲ ಕೋರ್‌ಗಳೂ ತಣ್ಣಗಿದ್ದರೆ ಮುಂದೆ ಓದಿ.

ರೀಸ್ಟಾರ್ಟ್ ಮಾಡುವ ಮುಂಚೆ

ರೀಸ್ಟಾರ್ಟ್ ಮಾಡಿದರೆ ಸಾಕ್ಷಿ ಹೋಗುತ್ತದೆ. ಬಳಕೆದಾರರು ಹೊರಗೆ ಕಾಯುತ್ತಿದ್ದಾರೆ, ನಿಜ. ಆದರೆ ಎರಡು ನಿಮಿಷ ತೆಗೆದುಕೊಳ್ಳಿ. ಆ ಎರಡು ನಿಮಿಷದಲ್ಲಿ ಸಿಗುವುದು ಆಮೇಲೆ ವಾರಗಟ್ಟಲೆ ಲಾಗ್ ಓದಿದರೂ ಸಿಗುವುದಿಲ್ಲ.

ಮೊದಲು ಆ್ಯಪ್ ಈ ಕ್ಷಣ ಯಾವ ಸಾಲಿನಲ್ಲಿ ನಿಂತಿದೆ ಎಂಬುದರ ಚಿತ್ರ ತೆಗೆಯಿರಿ. ಜಾವಾ ಆದರೆ ಜೆಸ್ಟ್ಯಾಕ್, ಪೈಥಾನ್ ಆದರೆ ಪೈ-ಸ್ಪೈ ಡಂಪ್. ಹತ್ತು ಸೆಕೆಂಡ್ ಬಿಟ್ಟು ಇನ್ನೊಂದು ಸಲ ತೆಗೆಯಿರಿ. ಎರಡರಲ್ಲೂ ಅದೇ ಥ್ರೆಡ್‌ಗಳು ಅದೇ ಸಾಲಿನಲ್ಲಿ ನಿಂತಿದ್ದರೆ ಅಲ್ಲೇ ಸಿಕ್ಕಿಹಾಕಿಕೊಂಡಿವೆ ಎಂದರ್ಥ. ಒಂದೇ ಡಂಪ್ ನೋಡಿ ತೀರ್ಮಾನಕ್ಕೆ ಬರಬೇಡಿ, ಆ ಕ್ಷಣಕ್ಕೆ ಅಲ್ಲಿ ಹಾದುಹೋಗುತ್ತಿದ್ದ ಥ್ರೆಡ್ ಕೂಡ ಅದರಲ್ಲಿ ಕಾಣುತ್ತದೆ. ಆಮೇಲೆ ಡೇಟಾಬೇಸ್ ಕಡೆಯಿಂದ ಆಗ ತೆರೆದಿರುವ ಎಲ್ಲ ಕನೆಕ್ಷನ್‌ಗಳ ಪಟ್ಟಿ ಉಳಿಸಿಕೊಳ್ಳಿ. ಸರ್ವರ್‌ನಲ್ಲಿ ಎಸ್‌ಎಸ್ ಕಮಾಂಡ್ ಕೊಟ್ಟು ತೆರೆದ ಸಾಕೆಟ್‌ಗಳು ಯಾವ ವಿಳಾಸಕ್ಕೆ ಹೋಗಿವೆ ಎಂದೂ ಬರೆದಿಟ್ಟುಕೊಳ್ಳಿ. ಒಂದಕ್ಕಿಂತ ಜಾಸ್ತಿ ಸರ್ವರ್ ಇದ್ದರೆ ಇನ್ನೂ ಒಳ್ಳೆಯದು: ಕೆಟ್ಟ ಒಂದನ್ನು ಲೋಡ್ ಬ್ಯಾಲೆನ್ಸರ್‌ನಿಂದ (ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವುದು ಅದೇ) ಹೊರಗೆ ತೆಗೆದು ಹಾಗೇ ಬಿಡಿ, ಉಳಿದವನ್ನು ರೀಸ್ಟಾರ್ಟ್ ಮಾಡಿ. ಆಮೇಲೆ ಹೊರಗಿಟ್ಟಿದ್ದನ್ನು ನಿಧಾನಕ್ಕೆ ನೋಡಬಹುದು.

ಎಷ್ಟು ತಡ ಎಂದು ಅಳೆಯಿರಿ

ತುಂಬಾ ಜನ ಇದನ್ನು ಗಮನಿಸುವುದೇ ಇಲ್ಲ. "ಪುಟ ನಿಧಾನ" ಎಂಬ ದೂರಿನಿಂದ ಏನೂ ತಿಳಿಯುವುದಿಲ್ಲ. "ಪುಟ ಸರಿಯಾಗಿ 30 ಸೆಕೆಂಡ್ ತೆಗೆದುಕೊಂಡು ಸತ್ತಿತು" ಎಂದರೆ ತುಂಬಾ ತಿಳಿಯುತ್ತದೆ. ನಿಜವಾದ ಕೆಲಸ ಯಾವತ್ತೂ ದುಂಡು ಸಂಖ್ಯೆಯಲ್ಲಿ ಮುಗಿಯುವುದಿಲ್ಲ, ಒಮ್ಮೆ 17 ಸೆಕೆಂಡ್, ಇನ್ನೊಮ್ಮೆ 41. ದುಂಡು ಸಂಖ್ಯೆ ಬಂದರೆ ಯಾರೋ ಕಾನ್ಫಿಗ್‌ನಲ್ಲಿ ಬರೆದಿಟ್ಟ ಟೈಮ್‌ಔಟ್ ಅದು.

ಆ್ಯಪ್‌ನ ಮುಂದೆ ಪ್ರಾಕ್ಸಿಯಾಗಿ ನಿಂತು ರಿಕ್ವೆಸ್ಟ್ ದಾಟಿಸುವ ಎಂಜಿನ್‌ಎಕ್ಸ್‌ನ ಪ್ರಾಕ್ಸಿ ರೀಡ್ ಟೈಮ್‌ಔಟ್ ಡೀಫಾಲ್ಟ್ 60 ಸೆಕೆಂಡ್. ಅಮೆಜಾನ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್‌ನ ಐಡಲ್ ಟೈಮ್‌ಔಟ್ ಕೂಡ 60. ಹಾಗಾಗಿ 60ಕ್ಕೆ 504 ಬಂದರೆ ಮುಂಭಾಗದ ಪ್ರಾಕ್ಸಿ ಕೈಚೆಲ್ಲಿದೆ, ಒಳಗೆ ಏನಾಯಿತೋ ಅದಕ್ಕೂ ಗೊತ್ತಿಲ್ಲ. 30 ಸೆಕೆಂಡ್ ಆದರೆ ಕನೆಕ್ಷನ್ ಪೂಲ್ (ಡೇಟಾಬೇಸ್‌ಗೆ ತೆರೆದಿಟ್ಟು ರಿಕ್ವೆಸ್ಟ್‌ಗಳು ಹಂಚಿಕೊಂಡು ಬಳಸುವ ಕನೆಕ್ಷನ್‌ಗಳ ಗುಂಪು) ಮೇಲೆ ಅನುಮಾನಪಡಿ: ಜಾವಾದ ಹಿಕಾರಿ ಸಿಪಿ, ಪೈಥಾನ್‌ನ ಎಸ್‌ಕ್ಯುಎಲ್ ಆಲ್ಕೆಮಿ ಎರಡೂ ಕನೆಕ್ಷನ್ ಸಿಗದಿದ್ದರೆ ಡೀಫಾಲ್ಟ್ ಆಗಿ 30 ಸೆಕೆಂಡ್ ಕಾಯುತ್ತವೆ. 50 ಸೆಕೆಂಡ್ ಆದರೆ ಮೈಎಸ್‌ಕ್ಯುಎಲ್‌ನ ಇನ್ನೊಡಿಬಿಯಲ್ಲಿ ರೋ ಲಾಕ್‌ಗೆ (ಇನ್ನೊಬ್ಬರು ಬೀಗ ಹಾಕಿಟ್ಟ ಸಾಲಿಗೆ) ಕಾಯುವ ಮಿತಿ. ಎಲ್ಲೋ 5 ಸೆಕೆಂಡ್ ಜಾಸ್ತಿ ಸೇರಿಕೊಂಡಂತೆ ಕಂಡರೆ ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ನೋಡಿ, ಲಿನಕ್ಸ್‌ನಲ್ಲಿ ಒಂದು ನೇಮ್‌ಸರ್ವರ್ ಉತ್ತರಿಸದಿದ್ದರೆ ಮತ್ತೊಂದನ್ನು ಕೇಳುವ ಮುಂಚೆ ಸಾಮಾನ್ಯವಾಗಿ 5 ಸೆಕೆಂಡ್ ಕಾಯುತ್ತದೆ.

ಸ್ಟೇಟಸ್ ಕೋಡ್ ಕೂಡ ಗಮನವಿಟ್ಟು ನೋಡಿ. 502 ಎಂದರೆ ಪ್ರಾಕ್ಸಿಗೆ ಆ್ಯಪ್‌ನಿಂದ ಸರಿಯಾದ ಉತ್ತರ ಬರಲಿಲ್ಲ, ಕನೆಕ್ಷನ್ ಮುರಿದಿರಬಹುದು. 504 ಎಂದರೆ ಕಾಯುವ ಮಿತಿಯೊಳಗೆ ಉತ್ತರ ಬರಲಿಲ್ಲ. ಎಂಜಿನ್‌ಎಕ್ಸ್ ಲಾಗ್‌ನಲ್ಲಿ ಮಾತ್ರ ಕಾಣುವ 499 ಇನ್ನೂ ಸ್ವಾರಸ್ಯದ್ದು. ಅದು ಬಳಕೆದಾರ ಕಾದು ಕಾದು ಟ್ಯಾಬ್ ಮುಚ್ಚಿದ ಗುರುತು. ಆ ರಿಕ್ವೆಸ್ಟ್ ಆ್ಯಪ್ ಒಳಗೆ ಇನ್ನೂ ಜೀವಂತ ಇರಬಹುದು. ಅವರು ರಿಫ್ರೆಶ್ ಒತ್ತಿದ ಪ್ರತಿ ಸಲವೂ ಇನ್ನೊಂದು ಸೇರಿಕೊಳ್ಳುತ್ತದೆ.

ಹೊರಗಿನಿಂದ ಅಳೆಯಲು ಕರ್ಲ್ (ಕಮಾಂಡ್ ಲೈನ್‌ನಿಂದ ರಿಕ್ವೆಸ್ಟ್ ಕಳಿಸುವ ಟೂಲ್) ಸಾಕು. ಅದರ ಡಬ್ಲ್ಯೂ ಆಯ್ಕೆಯಲ್ಲಿ ಡಿಎನ್‌ಎಸ್, ಟಿಸಿಪಿ ಕನೆಕ್ಟ್, ಟಿಎಲ್‌ಎಸ್, ಮೊದಲ ಬೈಟ್ ಬರುವ ತನಕದ ಸಮಯ ಎಲ್ಲವನ್ನೂ ಬೇರೆ ಬೇರೆಯಾಗಿ ತೋರಿಸಬಹುದು. ಕನೆಕ್ಟ್ ಬೇಗ ಆಗಿ ಮೊದಲ ಬೈಟ್ ಮಾತ್ರ ತಡವಾದರೆ ನೆಟ್‌ವರ್ಕ್ ಬಿಡಿ, ಆ್ಯಪ್ ಒಳಗೆ ಹೋಗಿ. ಆಮೇಲೆ ಅದೇ ಕರ್ಲ್ ಅನ್ನು ಸರ್ವರ್ ಒಳಗಿನಿಂದ, ಪ್ರಾಕ್ಸಿ ದಾಟಿಸದೆ ನೇರವಾಗಿ ಆ್ಯಪ್‌ನ ಪೋರ್ಟ್‌ಗೆ ಹೊಡೆಯಿರಿ. ಅಲ್ಲಿಯೂ ಕಾಯಿಸಿದರೆ ಲೋಡ್ ಬ್ಯಾಲೆನ್ಸರ್‌ನವರ ಜೊತೆ ಜಗಳ ಮಾಡುವ ಅಗತ್ಯವಿಲ್ಲ.

ಪೂಲ್‌ನ ಲೆಕ್ಕ

ಇಲ್ಲಿಯವರೆಗೆ ಬಂದ ಮೇಲೆ ಹೆಚ್ಚಿನ ಸಲ ಸಿಗುವ ಉತ್ತರ ಡೇಟಾಬೇಸ್ ಕನೆಕ್ಷನ್ ಪೂಲ್. ಲೆಕ್ಕ ಸರಳವಾಗಿದೆ. ಪೂಲ್‌ನಲ್ಲಿ 10 ಕನೆಕ್ಷನ್ ಇವೆ, ಒಂದು ರಿಕ್ವೆಸ್ಟ್ ಒಂದನ್ನು 200 ಮಿಲಿಸೆಕೆಂಡ್ ಹಿಡಿದುಕೊಳ್ಳುತ್ತದೆ ಎಂದರೆ ಸೆಕೆಂಡ್‌ಗೆ 50 ರಿಕ್ವೆಸ್ಟ್ ನಡೆಸಬಹುದು. ಅದೇ ರಿಕ್ವೆಸ್ಟ್ 5 ಸೆಕೆಂಡ್ ಹಿಡಿದುಕೊಂಡರೆ? ಸೆಕೆಂಡ್‌ಗೆ 2. ಬರುವವರ ಸಂಖ್ಯೆ ಒಂದಿಷ್ಟೂ ಜಾಸ್ತಿ ಆಗಿಲ್ಲ, ಆದರೂ ಆ್ಯಪ್ 25 ಪಟ್ಟು ಕುಗ್ಗಿತು. ಸರತಿ ಸಾಲುಗಳ ಈ ಸೂತ್ರವನ್ನು ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದರು, ವೆಬ್ ಹುಟ್ಟುವುದಕ್ಕೆ ಎಷ್ಟೋ ಮುಂಚೆ.

ನೋಡ್‌ನ ಪೋಸ್ಟ್‌ಗ್ರೆಸ್ ಲೈಬ್ರರಿಯ ಪೂಲ್‌ನಲ್ಲೂ ಹಿಕಾರಿಯಲ್ಲೂ ಡೀಫಾಲ್ಟ್ ಗರಿಷ್ಠ 10. ಎಸ್‌ಕ್ಯುಎಲ್ ಆಲ್ಕೆಮಿಯಲ್ಲಿ 5, ಅದರ ಮೇಲೆ ಹೆಚ್ಚುವರಿ 10. ಇನ್ನೊಂದು ವಿಷಯ, ನೋಡ್‌ನ ಆ ಪೂಲ್‌ನಲ್ಲಿ ಕನೆಕ್ಷನ್‌ಗೆ ಕಾಯುವ ಮಿತಿ ಡೀಫಾಲ್ಟ್ ಆಗಿ ಸೊನ್ನೆ, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಎರರ್ ಲಾಗ್ ಖಾಲಿ ಇರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ತಪ್ಪೇನೂ ಆಗಿಲ್ಲವಲ್ಲ, ಸುಮ್ನೆ ಕಾಯುತ್ತಿದೆ.

"ಹಾಗಾದರೆ ಪೂಲ್ 100 ಮಾಡೋಣ" ಎನ್ನುವವರು ಇದ್ದೇ ಇರುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಒಟ್ಟು ಕನೆಕ್ಷನ್‌ಗಳ ಡೀಫಾಲ್ಟ್ ಮಿತಿಯೇ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. 4 ಸರ್ವರ್, ಪ್ರತಿಯೊಂದರಲ್ಲಿ 4 ವರ್ಕರ್ ಪ್ರೊಸೆಸ್, ಪ್ರತಿ ವರ್ಕರ್‌ಗೆ 10ರ ಪೂಲ್ ಎಂದರೆ ಆಗಲೇ 160. ಪೂಲ್ ಪ್ರೊಸೆಸ್‌ಗೊಂದು ಇರುತ್ತದೆ, ಆ್ಯಪ್‌ಗೊಂದಲ್ಲ. ಇದನ್ನು ಮರೆತವರು ಟ್ರಾಫಿಕ್ ಜಾಸ್ತಿಯಾದ ದಿನ ಸರ್ವರ್ ಸಂಖ್ಯೆಯನ್ನು ತಾನೇ ಏರಿಸುವ ಆಟೋಸ್ಕೇಲಿಂಗ್‌ನಿಂದಲೇ ಡೇಟಾಬೇಸ್ ಕೆಡವಿಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕನೆಕ್ಷನ್ ಸೋರುತ್ತಿದ್ದರೆ (ಪಡೆದದ್ದು ಪೂಲ್‌ಗೆ ವಾಪಸ್ ಬಾರದಿದ್ದರೆ) ಪೂಲ್ ಹತ್ತು ಪಟ್ಟು ಮಾಡಿದಾಗ ಸಮಸ್ಯೆ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ.

ಡೇಟಾಬೇಸ್ ಕಡೆಯಿಂದ ನೋಡಿದಾಗ

ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ಎಂಬ ವ್ಯೂ ಇದೆ. ಆ್ಯಪ್ ನಿಂತಿರುವಾಗಲೇ ಅದನ್ನು ಓದಬೇಕು. ಮಾಮೂಲಿ ದೃಶ್ಯ ಹೀಗಿರುತ್ತದೆ: ನಿಮ್ಮ ಆ್ಯಪ್‌ನ 10 ಸಾಲುಗಳಿವೆ. 9 ಸಾಲುಗಳ ಸ್ಟೇಟ್ "ಆ್ಯಕ್ಟಿವ್", ಅವುಗಳ ವೇಟ್ ಇವೆಂಟ್ ಬಗೆ "ಲಾಕ್". ಎಲ್ಲದರಲ್ಲೂ ಒಂದೇ ಕ್ವೆರಿ, ಸ್ಟಾಕ್ ಟೇಬಲ್‌ನಿಂದ ಒಂದು ಸಾಲನ್ನು "ಫಾರ್ ಅಪ್‌ಡೇಟ್" ಹಾಕಿ ಓದುವುದು. ಹತ್ತನೆಯದರ ಸ್ಟೇಟ್ ಮಾತ್ರ "ಐಡಲ್ ಇನ್ ಟ್ರಾನ್ಸಾಕ್ಷನ್", ಅಂದರೆ ಟ್ರಾನ್ಸಾಕ್ಷನ್ (ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಬದಲಾವಣೆಗಳ ಕಟ್ಟು) ತೆರೆದೇ ಇದೆ, ಏನೂ ಓಡುತ್ತಿಲ್ಲ. ಅದರ ವೇಟ್ ಇವೆಂಟ್ "ಕ್ಲೈಂಟ್ ರೀಡ್". ಟ್ರಾನ್ಸಾಕ್ಷನ್ ಶುರುವಾಗಿ 14 ನಿಮಿಷ ಆಗಿದೆ.

ಮೊದಲ ಸಲ ನೋಡುವವರು ಆ 9ರ ಹಿಂದೆ ಬೀಳುತ್ತಾರೆ. ಕ್ವೆರಿ ನಿಧಾನ ಎಂದುಕೊಂಡು ಇಂಡೆಕ್ಸ್ ಹಾಕುತ್ತಾರೆ, ಎಕ್ಸ್‌ಪ್ಲೇನ್ ಅನಲೈಜ್ ಓಡಿಸಿ ಅದು ಒಂದು ಮಿಲಿಸೆಕೆಂಡ್‌ನಲ್ಲಿ ಮುಗಿಯುವುದನ್ನು ನೋಡಿ ತಲೆ ಕೆರೆದುಕೊಳ್ಳುತ್ತಾರೆ. ಅವು ಬಲಿಪಶುಗಳು. ಕಳ್ಳ ಇರುವುದು ಏನೂ ಮಾಡದೆ ಕೂತಿರುವ ಆ ಒಂದರಲ್ಲಿ. "ಕ್ಲೈಂಟ್ ರೀಡ್" ಎಂದರೆ ಡೇಟಾಬೇಸ್ ತನ್ನ ಕೆಲಸ ಮುಗಿಸಿ ಆ್ಯಪ್‌ನ ಮುಂದಿನ ಮಾತಿಗೆ ಕಾಯುತ್ತಿದೆ. ಆ್ಯಪ್ ಕಮಿಟ್ (ಉಳಿಸು) ಎಂದೂ ಹೇಳಿಲ್ಲ, ರೋಲ್‌ಬ್ಯಾಕ್ (ರದ್ದು ಮಾಡು) ಎಂದೂ ಹೇಳಿಲ್ಲ. ಲಾಕ್ ಹಾಗೇ ಉಳಿದಿದೆ. ಅನುಮಾನ ಇದ್ದರೆ ಪಿಜಿ_ಬ್ಲಾಕಿಂಗ್_ಪಿಡ್ಸ್ ಫಂಕ್ಷನ್‌ಗೆ ಕಾಯುತ್ತಿರುವ ಯಾವುದಾದರೂ ಒಂದರ ಪಿಡ್ (ಪ್ರೊಸೆಸ್ ಸಂಖ್ಯೆ) ಕೊಡಿ, ಯಾರು ತಡೆದಿದ್ದಾರೆ ಎಂದು ಹೇಳುತ್ತದೆ. ಉತ್ತರದಲ್ಲಿ ಕಾಯುತ್ತಿರುವ ಇನ್ನೊಂದರ ಪಿಡ್ ಬಂದರೆ ಅದನ್ನೇ ಮತ್ತೆ ಕೇಳುತ್ತಾ ಹೋಗಿ, ಕೊನೆಗೆ ಆ ಹತ್ತನೆಯದಕ್ಕೆ ತಲುಪುತ್ತೀರಿ. ನೆನಪಿಡಿ, ಐಡಲ್ ಇರುವ ಸಾಲಿನ ಕ್ವೆರಿ ಕಾಲಮ್‌ನಲ್ಲಿ ಕಾಣುವುದು ಕೊನೆಗೆ ಓಡಿದ ಕ್ವೆರಿ, ಈಗ ಓಡುತ್ತಿರುವುದಲ್ಲ. ಅದು ಒಳ್ಳೆಯದೇ, ಕೋಡ್‌ನಲ್ಲಿ ಎಲ್ಲಿ ಹುಡುಕಬೇಕೆಂದು ಅದೇ ತೋರಿಸುತ್ತದೆ.

ಈಗ ಕೋಡ್ ತೆರೆಯಿರಿ. ಆರ್ಡರ್ ಹಾಕುವ ಫಂಕ್ಷನ್ ಪೂಲ್‌ನಿಂದ ಕನೆಕ್ಷನ್ ಪಡೆಯುತ್ತದೆ, ಬಿಗಿನ್ ಎನ್ನುತ್ತದೆ, ಸ್ಟಾಕ್ ಎಷ್ಟಿದೆ ಎಂದು ಲಾಕ್ ಹಾಕಿ ಓದುತ್ತದೆ, ಸೊನ್ನೆ ಇದ್ದರೆ "ಈ ವಸ್ತು ಮುಗಿದಿದೆ" ಎಂದು ಉತ್ತರ ಕಳಿಸಿ ಅಲ್ಲಿಂದಲೇ ರಿಟರ್ನ್ ಆಗುತ್ತದೆ. ಕನೆಕ್ಷನ್ ವಾಪಸ್ ಕೊಡುವ ಸಾಲು ಫಂಕ್ಷನ್‌ನ ಕೊನೆಯಲ್ಲಿದೆ. ಅಲ್ಲಿಗೆ ಯಾರೂ ತಲುಪಲಿಲ್ಲ. ಬಳಕೆದಾರರಿಗೆ ಸರಿಯಾದ ಉತ್ತರ ಹೋಯಿತು, ಟೆಸ್ಟ್ ಪಾಸಾಯಿತು, ರಿವ್ಯೂ ಮಾಡಿದವರಿಗೂ ತಪ್ಪು ಕಾಣಲಿಲ್ಲ. ಯಾವುದಾದರೂ ವಸ್ತು ಮುಗಿದ ದಿನ ಮಾತ್ರ ಆ್ಯಪ್ ಸಾಯುತ್ತದೆ. "ಆಗಾಗ" ಎಂಬುದರ ಗುಟ್ಟು ಇಷ್ಟೇ. ರೀಸ್ಟಾರ್ಟ್ ಮಾಡಿದಾಗ ಕನೆಕ್ಷನ್ ಕಡಿದು, ಪೋಸ್ಟ್‌ಗ್ರೆಸ್ ತಾನೇ ರೋಲ್‌ಬ್ಯಾಕ್ ಮಾಡಿ ಲಾಕ್ ಬಿಡುತ್ತದೆ, ಎಲ್ಲ ಸರಿಹೋದಂತೆ ಕಾಣುತ್ತದೆ.

ಅದೇ ಚಿತ್ರ ಇನ್ನೊಂದು ಕಾರಣದಿಂದಲೂ ಬರಬಹುದು. ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡೇ ಪೇಮೆಂಟ್ ಗೇಟ್‌ವೇಗೆ ಅಥವಾ ಇಮೇಲ್ ಸೇವೆಗೆ ಕರೆ ಮಾಡುವುದು. ಆ ಹೊರಗಿನ ಸೇವೆ 100 ಮಿಲಿಸೆಕೆಂಡ್‌ನಲ್ಲಿ ಉತ್ತರಿಸುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಅದು ನಿಧಾನವಾದ ದಿನ ನಿಮ್ಮ ಪೂಲ್ ಕೂಡ ಅದರ ಜೊತೆ ಮುಳುಗುತ್ತದೆ. ಸೋರಿಕೆಯೋ ಇದೋ ಎಂದು ಹೇಗೆ ಬೇರ್ಪಡಿಸುವುದು? ಥ್ರೆಡ್ ಡಂಪ್ ನೋಡಿ. ಎಚ್‌ಟಿಟಿಪಿ ಕರೆಯಲ್ಲಿ ಕಾಯುತ್ತಿರುವ ಥ್ರೆಡ್ ಸಿಕ್ಕರೆ ಎರಡನೆಯದು. ಆ ಕನೆಕ್ಷನ್ ಹಿಡಿದಿರುವ ಥ್ರೆಡ್ಡೇ ಎಲ್ಲೂ ಸಿಗದಿದ್ದರೆ ಸೋರಿಕೆ. ಹಿಕಾರಿಯಲ್ಲಿ ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್ ಎಂಬ ಸೆಟ್ಟಿಂಗ್ ಇದೆ, ಹಾಕಿಟ್ಟರೆ ಕನೆಕ್ಷನ್ ತೆಗೆದುಕೊಂಡು ಬಹಳ ಹೊತ್ತು ಕೊಡದವರ ಸ್ಟ್ಯಾಕ್ ಟ್ರೇಸ್ ಅನ್ನೇ ಲಾಗ್‌ಗೆ ಬರೆಯುತ್ತದೆ.

ಮೂರನೆಯ ಬಗೆ ಸ್ವಲ್ಪ ಅಪರೂಪ. ಒಂದು ರಿಕ್ವೆಸ್ಟ್ ಒಂದು ಕನೆಕ್ಷನ್ ಹಿಡಿದುಕೊಂಡೇ ಎರಡನೆಯದನ್ನು ಕೇಳುತ್ತದೆ, ಉದಾಹರಣೆಗೆ ಆಡಿಟ್ ಲಾಗ್ ಬೇರೆ ಟ್ರಾನ್ಸಾಕ್ಷನ್‌ನಲ್ಲಿ ಬರೆಯಲು. ಒಂದೇ ಸಲ 10 ರಿಕ್ವೆಸ್ಟ್ ಬಂದು ತಲಾ ಒಂದು ಹಿಡಿದುಕೊಂಡರೆ ಎರಡನೆಯದು ಯಾರಿಗೂ ಸಿಗುವುದಿಲ್ಲ, ಯಾರೂ ಮೊದಲನೆಯದನ್ನು ಬಿಡುವುದೂ ಇಲ್ಲ. ಆಗ ಡೇಟಾಬೇಸ್‌ನಲ್ಲಿ ಒಂದು ಲಾಕ್ ಕಾಯುವಿಕೆಯೂ ಕಾಣದು, ಹತ್ತೂ ಸಾಲು ಐಡಲ್ ಇನ್ ಟ್ರಾನ್ಸಾಕ್ಷನ್. 10 ಥ್ರೆಡ್‌ಗೆ ತಲಾ 2 ಬೇಕಿದ್ದರೆ ಪೂಲ್‌ನಲ್ಲಿ ಕನಿಷ್ಠ 11 ಇದ್ದರೆ ಈ ಗಂಟು ಬೀಳುವುದಿಲ್ಲ. ಆದರೆ ಎರಡನೆಯದನ್ನು ಕೇಳದ ಹಾಗೆ ಕೋಡ್ ಬದಲಿಸುವುದೇ ಮೇಲು.

ಡೇಟಾಬೇಸ್ ಅಲ್ಲದಿದ್ದರೆ

ಥ್ರೆಡ್‌ಗಳೆಲ್ಲ ಯಾವುದೋ ಎಪಿಐ ಕರೆಯಲ್ಲಿ ನಿಂತಿದ್ದರೆ ಟೈಮ್‌ಔಟ್ ಹಾಕಿಲ್ಲ ಎಂದೇ ಅರ್ಥ. ಪೈಥಾನ್‌ನ ರಿಕ್ವೆಸ್ಟ್ಸ್, ಗೋ ಭಾಷೆಯ ಮಾಮೂಲಿ ಎಚ್‌ಟಿಟಿಪಿ ಕ್ಲೈಂಟ್, ಜಾವಾಸ್ಕ್ರಿಪ್ಟ್‌ನ ಆ್ಯಕ್ಸಿಯಾಸ್, ಈ ಮೂರರಲ್ಲೂ ನೀವಾಗಿ ಹೇಳದಿದ್ದರೆ ಟೈಮ್‌ಔಟ್ ಇರುವುದಿಲ್ಲ. ಇಷ್ಟು ಜನಪ್ರಿಯ ಲೈಬ್ರರಿಗಳು ಹೀಗೇಕೆ ಎಂದು ಕೇಳಬೇಡಿ, ಇರುವುದು ಹೀಗೆ.

ಹ್ಯಾಂಗ್ ಆಗದೆ ಆಗೊಂದು ಈಗೊಂದು 502 ಮಾತ್ರ ಬರುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಲೋಡ್ ಬ್ಯಾಲೆನ್ಸರ್ ಖಾಲಿ ಕನೆಕ್ಷನ್ ಅನ್ನು 60 ಸೆಕೆಂಡ್ ಇಟ್ಟುಕೊಳ್ಳುತ್ತದೆ. ನೋಡ್ ಸರ್ವರ್ ಖಾಲಿ ಕನೆಕ್ಷನ್ ತೆರೆದಿಡುವ ಕೀಪ್ ಅಲೈವ್ ಮಿತಿ ಬಹಳ ಕಾಲದಿಂದ 5 ಸೆಕೆಂಡ್ ಇತ್ತು. ನೋಡ್ ಕನೆಕ್ಷನ್ ಮುಚ್ಚುವುದಕ್ಕೂ ಬ್ಯಾಲೆನ್ಸರ್ ಅದೇ ಕನೆಕ್ಷನ್‌ನಲ್ಲಿ ಹೊಸ ರಿಕ್ವೆಸ್ಟ್ ಕಳಿಸುವುದಕ್ಕೂ ಒಂದೇ ಕ್ಷಣ ಕೂಡಿಬಂದರೆ 502. ಆ್ಯಪ್ ಲಾಗ್‌ನಲ್ಲಿ ಆ ರಿಕ್ವೆಸ್ಟ್‌ನ ಸುಳಿವೇ ಇರುವುದಿಲ್ಲ. ಆ್ಯಪ್‌ನ ಕೀಪ್ ಅಲೈವ್ ಅನ್ನು ಬ್ಯಾಲೆನ್ಸರ್‌ಗಿಂತ ಜಾಸ್ತಿ, 65 ಸೆಕೆಂಡ್ ಮಾಡಿದರೆ ಮುಗಿಯಿತು.

ಸರಿಪಡಿಸುವುದು

ಸೋರಿಕೆಗೆ ಮದ್ದು ಸುಲಭ: ಕನೆಕ್ಷನ್ ಪಡೆಯುವುದು, ಬಿಡುವುದು ಎರಡನ್ನೂ ಫಂಕ್ಷನ್‌ಗಳಲ್ಲಿ ಕೈಯಿಂದ ಬರೆಯಲು ಬಿಡಬೇಡಿ. ಒಂದೇ ಕಡೆ ಟ್ರಾನ್ಸಾಕ್ಷನ್ ರಾಪರ್ ಬರೆಯಿರಿ. ಫೈನಲಿ ಬ್ಲಾಕ್ ಅದರೊಳಗಿರಲಿ, ಒಳಗಿನ ಕೋಡ್ ಎಲ್ಲಿಂದ ರಿಟರ್ನ್ ಆದರೂ ಕನೆಕ್ಷನ್ ವಾಪಸ್ ಬರಲಿ.

ಪೇಮೆಂಟ್ ಕರೆಯನ್ನು ಟ್ರಾನ್ಸಾಕ್ಷನ್‌ನಿಂದ ಹೊರಗೆ ತರುವುದು ನಿಜವಾದ ವಿನ್ಯಾಸದ ಕೆಲಸ. ಮೊದಲು ಆರ್ಡರ್ ಅನ್ನು "ಬಾಕಿ" ಎಂದು ಬರೆದು, ಸ್ಟಾಕ್ ಕಾಯ್ದಿರಿಸಿ ಕಮಿಟ್ ಮಾಡಿ. ಕನೆಕ್ಷನ್ ಬಿಟ್ಟು ಗೇಟ್‌ವೇ ಕರೆಯಿರಿ. ಉತ್ತರ ಬಂದ ಮೇಲೆ ಇನ್ನೊಂದು ಚಿಕ್ಕ ಟ್ರಾನ್ಸಾಕ್ಷನ್‌ನಲ್ಲಿ ಸ್ಥಿತಿ ಬದಲಿಸಿ. ನಡುವೆ ಆ್ಯಪ್ ಸತ್ತರೆ ಹಣ ಹೋಗಿ ಆರ್ಡರ್ ಬಾಕಿ ಉಳಿಯಬಹುದು ಅಲ್ವಾ? ಹೌದು. ಅದಕ್ಕೇ ಬಾಕಿ ಆರ್ಡರ್‌ಗಳನ್ನು ಗೇಟ್‌ವೇ ಜೊತೆ ತಾಳೆ ನೋಡುವ ಒಂದು ಜಾಬ್ ಬೇಕು, ಮತ್ತೆ ಕರೆದಾಗ ಎರಡು ಸಲ ಹಣ ಕಡಿತವಾಗದಂತೆ ಐಡೆಂಪೊಟೆನ್ಸಿ ಕೀ ಬೇಕು. ಇದು ಜಾಸ್ತಿ ಕೆಲಸವೇ. ಆದರೆ ಹಳೆಯ ರೀತಿಯಲ್ಲೂ ಆ ಅಪಾಯ ಇತ್ತು. ಹಣ ಹೋದ ಮೇಲೆ ಕಮಿಟ್ ವಿಫಲವಾದರೆ ಆರ್ಡರ್‌ನ ಗುರುತೇ ಉಳಿಯುತ್ತಿರಲಿಲ್ಲ.

ಟೈಮ್‌ಔಟ್‌ಗಳನ್ನು ಒಳಗಿನಿಂದ ಹೊರಗೆ ಏರುತ್ತಾ ಹೋಗುವಂತೆ ಇಡಿ. ಪೂಲ್‌ಗೆ ಕಾಯುವುದು 3 ಸೆಕೆಂಡ್, ಒಂದು ಕ್ವೆರಿ 10, ಇಡೀ ರಿಕ್ವೆಸ್ಟ್ 20, ಪ್ರಾಕ್ಸಿ 30, ಹೀಗೆ. ಅಂಕಿ ನಿಮ್ಮದು, ಕ್ರಮ ಮುಖ್ಯ. ಹೊರಗಿನವರು ಮೊದಲು ಕೈಬಿಟ್ಟರೆ ಒಳಗಿನವರು ಯಾರಿಗೂ ಬೇಡದ ಉತ್ತರಕ್ಕೆ ದುಡಿಯುತ್ತಲೇ ಇರುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಸ್ಟೇಟ್‌ಮೆಂಟ್ ಟೈಮ್‌ಔಟ್, ಐಡಲ್ ಇನ್ ಟ್ರಾನ್ಸಾಕ್ಷನ್ ಸೆಶನ್ ಟೈಮ್‌ಔಟ್ ಎರಡೂ ಡೀಫಾಲ್ಟ್ ಆಗಿ ಆಫ್ ಇರುತ್ತವೆ, ಎರಡನ್ನೂ ಆನ್ ಮಾಡಿ. ರೀಟ್ರೈ ಒಂದೇ ಪದರದಲ್ಲಿರಲಿ. ಮೂರು ಪದರದಲ್ಲೂ ತಲಾ 3 ಪ್ರಯತ್ನ ಇಟ್ಟರೆ ಕೆಳಗಿನ ಡೇಟಾಬೇಸ್‌ಗೆ ಒಂದು ಕ್ಲಿಕ್‌ಗೆ 27 ಹೊಡೆತ, ಅದೂ ಅದು ಆಗಲೇ ನರಳುತ್ತಿರುವಾಗ.

ಸರ್ವರ್ ಸರಿಯಿದೆಯೇ ಎಂದು ಆಗಾಗ ಕೇಳುವ ಹೆಲ್ತ್ ಚೆಕ್ ಕೂಡ ನೋಡಿಕೊಳ್ಳಿ. ಅದು ಅದೇ ಪೂಲ್‌ನಿಂದ ಕನೆಕ್ಷನ್ ಕೇಳುತ್ತಿದ್ದರೆ, ಪೂಲ್ ತುಂಬಿದ ಕ್ಷಣ ಎಲ್ಲ ಸರ್ವರ್‌ಗಳೂ ಒಟ್ಟಿಗೆ ಫೇಲ್ ಆಗಿ, ಸರ್ವರ್‌ಗಳನ್ನು ನಡೆಸುವ ಆರ್ಕೆಸ್ಟ್ರೇಟರ್ ಎಲ್ಲವನ್ನೂ ಒಮ್ಮೆಲೇ ಕೊಂದು ರೀಸ್ಟಾರ್ಟ್ ಮಾಡಬಹುದು, ನೀವು ಉಳಿಸಿಕೊಳ್ಳಬೇಕೆಂದಿದ್ದ ಸಾಕ್ಷಿಯ ಸಮೇತ. ಪ್ರೊಸೆಸ್ ಬದುಕಿದೆಯೇ ಎಂಬ ಚೆಕ್ ಡೇಟಾಬೇಸ್ ಮುಟ್ಟಬಾರದು.

ಮಾನಿಟರಿಂಗ್‌ನಲ್ಲಿ ಸರಾಸರಿ ನೋಡಬೇಡಿ. 98 ರಿಕ್ವೆಸ್ಟ್ 50 ಮಿಲಿಸೆಕೆಂಡ್, 2 ರಿಕ್ವೆಸ್ಟ್ 60 ಸೆಕೆಂಡ್ ಆದರೆ ಸರಾಸರಿ ಸುಮಾರು 1.25 ಸೆಕೆಂಡ್. ಅಂಥ ಉತ್ತರ ಯಾರಿಗೂ ಬಂದಿಲ್ಲ. ಪಿ99 (100ರಲ್ಲಿ 99 ರಿಕ್ವೆಸ್ಟ್ ಎಷ್ಟರೊಳಗೆ ಮುಗಿದವು ಎಂಬ ಸಮಯ) ನೋಡಿ, ಅದಕ್ಕಿಂತ ಮುಂಚೆ ಪೂಲ್‌ಗೆ ಕಾಯುತ್ತಿರುವವರ ಸಂಖ್ಯೆಯ ಗ್ರಾಫ್ ಹಾಕಿ. ಅದು ಸೊನ್ನೆ ಬಿಟ್ಟು ಮೇಲೆದ್ದು ಅಲ್ಲೇ ಉಳಿದರೆ 504 ದಾರಿಯಲ್ಲಿದೆ.

ಸರಿಯಾಯಿತೇ ಎಂದು ನೋಡುವುದು

"ಒಂದು ವಾರ ಬರಲಿಲ್ಲ" ಎಂಬುದು ಪುರಾವೆಯಲ್ಲ. ಟೆಸ್ಟ್ ಪರಿಸರದಲ್ಲಿ ಪೂಲ್ ಅನ್ನು 2ಕ್ಕೆ ಇಳಿಸಿ. ಒಂದು ವಸ್ತುವಿನ ಸ್ಟಾಕ್ ಸೊನ್ನೆ ಮಾಡಿ ಅದಕ್ಕೆ ಸತತವಾಗಿ 5 ಆರ್ಡರ್ ಹಾಕಿ, ಹಳೆಯ ಕೋಡ್ ಎರಡನೆಯದಕ್ಕೇ ಲಾಕ್‌ನಲ್ಲಿ ನಿಲ್ಲುತ್ತದೆ, ಹೊಸದು ಐದಕ್ಕೂ ಉತ್ತರಿಸಬೇಕು. ಆಮೇಲೆ 20 ಸೆಕೆಂಡ್ ಸುಮ್ಮನಿದ್ದು ಉತ್ತರಿಸುವ ನಕಲಿ ಗೇಟ್‌ವೇ ಇಟ್ಟು, ಸ್ಟಾಕ್ ಇರುವ ವಸ್ತುವಿಗೆ ಒಟ್ಟಿಗೆ 5 ಆರ್ಡರ್ ಕಳಿಸಿ, ಅವು ಕಾಯುತ್ತಿರುವಾಗಲೇ ಡೇಟಾಬೇಸ್‌ನಿಂದ ಓದುವ ಬೇರೆ ಯಾವುದಾದರೂ ಪುಟ ತೆರೆಯಿರಿ. ಅದು ಮಾಮೂಲಿ ವೇಗದಲ್ಲಿ ಬರಬೇಕು. ಕೊನೆಗೆ ಪೋಸ್ಟ್‌ಗ್ರೆಸ್‌ನ ಕಮಾಂಡ್ ಟೂಲ್ ಪಿಎಸ್‌ಕ್ಯುಎಲ್ ತೆರೆದು ಕೈಯಿಂದಲೇ ಒಂದು ಸ್ಟಾಕ್ ಸಾಲಿಗೆ ಲಾಕ್ ಹಾಕಿ ಹಾಗೇ ಹಿಡಿದಿಡಿ, ಆ ವಸ್ತುವಿಗೆ ಒಟ್ಟಿಗೆ ಮೂರು ಆರ್ಡರ್ ಕಳಿಸಿ. ಮೂರನೆಯದಕ್ಕೆ 3 ಸೆಕೆಂಡ್‌ನಲ್ಲಿ 503 (ಸದ್ಯಕ್ಕೆ ಸೇವೆ ಲಭ್ಯವಿಲ್ಲ) ಬರಬೇಕು, ಮೊದಲ ಎರಡಕ್ಕೆ 10ರಲ್ಲಿ ಎರರ್. ಇನ್ನೂ ಯಾವುದಾದರೂ ಒಂದು ಚಕ್ರ ತಿರುಗಿಸುತ್ತಲೇ ಇದ್ದರೆ ಟೈಮ್‌ಔಟ್ ಹಾಕದ ಜಾಗ ಇನ್ನೊಂದಿದೆ. ಅದು ತಿರುಗುತ್ತಿರುವಾಗಲೇ ಡಂಪ್ ತೆಗೆದು ಯಾವ ಸಾಲು ಎಂದು ನೋಡಿ.